‘ನೋಡಿಲ್ಲ’ ಎಂದು ಬರೆಯಲು ಒಂದು ಕಾಲಂ ಕೊಡಿ: ದಾವಣಗೆರೆ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರಗಳು.

ವೃತ್ತಿಧರ್ಮದ ಮೇಲಿನ ಭಾಷಣಗಳಿಗೆ ನಮ್ಮ ಜಿಲ್ಲೆಯಲ್ಲಿ ಕೊರತೆಯಿಲ್ಲ. ಕಾಯಕದ ವಚನ ತೂಗುಹಾಕದ ಕಚೇರಿ ದಾವಣಗೆರೆಯಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ಹಾಗಾಗಿ ಇನ್ನೊಂದು ಪ್ರತಿಜ್ಞೆ ಬೋಧನೆಯ ಕಾರ್ಯಕ್ರಮ ಬೇಡವೆಂದು ಮೊದಲಿಗೇ ಕೇಳಿಕೊಳ್ಳುತ್ತೇವೆ. ನಾವು ಸಿವಿಲ್ ಎಂಜಿನಿಯರ್‌ಗಳು, ವೈದ್ಯರು, ಫಾರ್ಮಸಿಸ್ಟರು, ಲೆಕ್ಕಪರಿಶೋಧಕರು. ಕಸುಬು ಬೇರೆ ಬೇರೆಯಾದರೂ ನಮ್ಮೆಲ್ಲರ ಕೆಲಸ ಕೊನೆಗೆ ಬಂದು ನಿಲ್ಲುವುದು ಒಂದು ಸಹಿಯಲ್ಲಿ. ಲಂಚದ ಪ್ರಕರಣಗಳನ್ನು ಲೋಕಾಯುಕ್ತರು ನೋಡಿಕೊಳ್ಳಲಿ. ಒಂದು ಪೈಸೆ ಮುಟ್ಟದವರ ಕೈಯಿಂದಲೂ ಆಗುವ ತಪ್ಪೊಂದಿದೆ, ಅದು ನೋಡದೆ ಹಾಕುವ ಸಹಿ.

ಒಂದು ಓಣಿಯ ಸಿಸಿ ರಸ್ತೆಯನ್ನೇ ತೆಗೆದುಕೊಳ್ಳಿ. 100 ಮೀಟರ್ ಉದ್ದ, 5 ಮೀಟರ್ ಅಗಲ, 15 ಸೆಂ.ಮೀ. ದಪ್ಪ. ಕಾಂಕ್ರೀಟು 75 ಘನ ಮೀಟರ್. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಸಂಹಿತೆಯಾದ ಐಎಸ್ 456:2000ರ ಪ್ರಕಾರ ಇಷ್ಟಕ್ಕೆ ಐದು ಸ್ಯಾಂಪಲ್, ಸ್ಯಾಂಪಲ್‌ಗೆ ಮೂರರಂತೆ 15 ಕ್ಯೂಬು, ಅಂದರೆ ಬಲ ಪರೀಕ್ಷೆಗೆಂದು ಅಚ್ಚು ಹಾಕುವ ಕಾಂಕ್ರೀಟಿನ ಚೌಕ ಗಟ್ಟಿಗಳು. ರಸ್ತೆಗೆ ಸುರಿಯುತ್ತಿರುವ ಮಾಲನ್ನೇ ತೆಗೆದು, 15 ಸೆಂ.ಮೀ. ಅಚ್ಚಿಗೆ ಮೂರು ಪದರವಾಗಿ ತುಂಬಿ, ಪದರಕ್ಕೆ 35 ಸಲ ಸರಳಿನಿಂದ ಕುಟ್ಟಬೇಕು. ಮರುದಿನ ಅಚ್ಚು ಬಿಚ್ಚಿ ನೀರಿನಲ್ಲಿ ಮುಳುಗಿಸಿಟ್ಟು, 28ನೇ ದಿನ ಲ್ಯಾಬಿನಲ್ಲಿ ಒಡೆಯಬೇಕು. ಎಂ20 ಬಲ (ಚದರ ಮಿ.ಮೀ.ಗೆ 20 ನ್ಯೂಟನ್) ಎಂದರೆ ಒಂದು ಕ್ಯೂಬು 450 ಕಿಲೋನ್ಯೂಟನ್, ಅಂದರೆ ಸುಮಾರು 46 ಟನ್ ಭಾರ ತಡೆಯಬೇಕು.

ಒಂದು ಕ್ಯೂಬಿನ ತೂಕ ಎಂಟು ಕೆ.ಜಿ., ಹದಿನೈದಕ್ಕೆ 120 ಕೆ.ಜಿ. ಒಂದೇ ದಿನ ನಾಲ್ಕು ಕಡೆ ಕೆಲಸ ನಡೆಯುತ್ತಿದ್ದರೆ ಜೆಇ (ಕಿರಿಯ ಎಂಜಿನಿಯರ್) ಒಬ್ಬರು ಎಲ್ಲೆಲ್ಲಿ ನಿಂತಾರು? ಆಗ ಕ್ಯೂಬು ಹಾಕುವ ಹೊಣೆ ಗುತ್ತಿಗೆದಾರರ ಹುಡುಗನ ಪಾಲಾಗುತ್ತದೆ. ಅವನು ಸಿಮೆಂಟು ಜಾಸ್ತಿ ಹಾಕಿ ಬೇರೆಯದೇ ಮಾಲು ಕಲಸುತ್ತಾನೆ. ಅತ್ತ ರಸ್ತೆಯಲ್ಲಿ ಮಾಲು ಸಲೀಸಾಗಿ ಹರಿಯಲೆಂದು ಮೇಸ್ತ್ರಿ ನೀರು ಸುರಿಯುತ್ತಾನೆ. 50 ಕೆ.ಜಿ. ಸಿಮೆಂಟು ಚೀಲಕ್ಕೆ 0.55ರ ನೀರು-ಸಿಮೆಂಟು ಅನುಪಾತದ ಲೆಕ್ಕದಲ್ಲಿ ಇಪ್ಪತ್ತೇಳೂವರೆ ಲೀಟರ್ ನೀರೇ ಹೆಚ್ಚು, ಅದರಲ್ಲಿ ಮರಳಿನ ತೇವವೂ ಸೇರಿರಬೇಕು. ಇನ್ನೈದು ಲೀಟರ್ ಬಿದ್ದರೆ ಅನುಪಾತ 0.65ಕ್ಕೆ ಏರುತ್ತದೆ. ಆ ಹೆಚ್ಚಿನ ನೀರು ಆರಿದ ಮೇಲೆ ಒಳಗೆ ಉಳಿಯುವುದು ಬರೀ ಸಣ್ಣ ತೂತುಗಳು. ಹೀಗೆ ಕ್ಯೂಬು ಪಾಸಾಗುತ್ತದೆ, ಎರಡು ಮಳೆಗಾಲಕ್ಕೆ ರಸ್ತೆ ಪುಡಿ ಉದುರಿಸುತ್ತದೆ, ವರದಿಯ ಕೆಳಗಿನ ಸಹಿ ಮಾತ್ರ ಅಸಲಿಯೇ ಆಗಿರುತ್ತದೆ.

ಇದನ್ನು ಹಿಡಿಯಲು ತಮ್ಮ ಕಚೇರಿಯ ಗುಮಾಸ್ತರು ಎಂಜಿನಿಯರಿಂಗ್ ಓದಿರಬೇಕಿಲ್ಲ. ಮೂರು ತಾರೀಖು ಪಕ್ಕಪಕ್ಕ ಇಟ್ಟರೆ ಸಾಕು: ಕಾಂಕ್ರೀಟು ಹಾಕಿದ್ದು, ಲ್ಯಾಬಿಗೆ ಕ್ಯೂಬು ಮುಟ್ಟಿದ್ದು, ಒಡೆದಿದ್ದು. ಮೊದಲನೆಯದಕ್ಕೂ ಕೊನೆಯದಕ್ಕೂ 28 ದಿನದ ಅಂತರ ಇಲ್ಲದೆಯೂ 28 ದಿನದ ಬಲದ ವರದಿ ಎಂ.ಬಿ.ಗೆ (ಕಾಮಗಾರಿಯ ಅಳತೆ ಪುಸ್ತಕಕ್ಕೆ) ಅಂಟಿಕೊಂಡಿದ್ದರೆ ಬಿಲ್ ಅಲ್ಲಿಗೇ ನಿಲ್ಲಲಿ. ಆಮೇಲೆ ಅಂಕಿಗಳನ್ನು ನೋಡಿ. ಒಂದು ಸ್ಯಾಂಪಲಿನ ಮೂರು ಕ್ಯೂಬುಗಳಲ್ಲಿ ಸರಾಸರಿಯಿಂದ ಶೇ 15ರವರೆಗೆ ಆಚೀಚೆ ಆಗುವುದನ್ನು ಆ ಸಂಹಿತೆಯೇ ಒಪ್ಪುತ್ತದೆ. ಐದೂ ಸ್ಯಾಂಪಲ್‌ಗಳಲ್ಲಿ 26.1, 26.2, 26.1 ಎಂದು ಅಣ್ಣತಮ್ಮಂದಿರ ಹಾಗೆ ಅಂಕಿಗಳು ಸಾಲಾಗಿ ನಿಂತಿದ್ದರೆ ಅವು ಯಂತ್ರದಿಂದ ಬಂದವಲ್ಲ, ಪೆನ್ನಿನಿಂದ ಬಂದವು. ಸಾರ್ವಜನಿಕರಿಗೂ ಒಂದು ದಾರಿಯಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 2(ಜೆ) ಪ್ರಕಾರ ಕಾಮಗಾರಿಯನ್ನು ಪರಿಶೀಲಿಸುವ ಹಕ್ಕೂ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಇದೆ. ಕಾಗದದ ನಕಲು ಕೇಳುವವರೇ ಹೆಚ್ಚು, ಮಾದರಿ ಕೇಳುವವರು ಅಪರೂಪ.

ಔಷಧಿ ಅಂಗಡಿಯಲ್ಲಿ ಸಹಿ ಗೋಡೆಯ ಮೇಲಿರುತ್ತದೆ. ಪ್ರಮಾಣಪತ್ರ ಫ್ರೇಮಿನಲ್ಲಿ, ಅದರ ಒಡೆಯ ಬೇರೆ ಊರಿನ ಕೆಲಸದಲ್ಲಿ, ಕೌಂಟರಿನಲ್ಲಿ ಯಾರೋ ಹುಡುಗ. ನೋಂದಾಯಿತ ಫಾರ್ಮಸಿಸ್ಟ್ ಅಲ್ಲದವರು ವೈದ್ಯರ ಚೀಟಿಗೆ ಔಷಧಿ ಕೊಡುವಂತಿಲ್ಲ ಎನ್ನುತ್ತದೆ 1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್. ಬಾಡಿಗೆಗೆ ಕೊಟ್ಟ ಪ್ರಮಾಣಪತ್ರದ ಗುಟ್ಟು, ಬಿಗಿ ನಿಯಮದಡಿ ಮಾರಬೇಕಾದ ಔಷಧಿಗಳ ಎಚ್1 ರಿಜಿಸ್ಟರಿನಲ್ಲಿ ಬಯಲಾಗುತ್ತದೆ. 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಎಚ್1 ಪಟ್ಟಿಯಲ್ಲಿ ಸೆಫಿಕ್ಸಿಮ್‌ನಂಥ ಆ್ಯಂಟಿಬಯಾಟಿಕ್‌ಗಳು, ಕ್ಷಯದ ಔಷಧಿಗಳು, ಕೆಲವು ನಿದ್ದೆ ಗುಳಿಗೆಗಳು ಇವೆ. ಬರೆದ ವೈದ್ಯರು ಯಾರು, ರೋಗಿ ಯಾರು, ಯಾವ ಔಷಧಿ, ಎಷ್ಟು ಎಂಬುದನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಪರಿವೀಕ್ಷಕರು ರಿಜಿಸ್ಟರು ಇದೆಯೇ ಎಂದಷ್ಟೇ ನೋಡಿ ಹೋದರೆ ಪ್ರಯೋಜನವಿಲ್ಲ, ಖರೀದಿ ಬಿಲ್ಲಿನ ಜೊತೆ ತಾಳೆ ನೋಡಬೇಕು. ತಿಂಗಳಲ್ಲಿ 500 ಗುಳಿಗೆ ಬಂದು, ರಿಜಿಸ್ಟರಿನಲ್ಲಿ 40 ಬರೆದು, ಕಪಾಟಿನಲ್ಲಿ 100 ಉಳಿದಿದ್ದರೆ ಮಿಕ್ಕ 360 ಹೋಗಿದ್ದೆಲ್ಲಿಗೆ? ಜ್ವರಕ್ಕೆ ಎರಡೆರಡು ಗುಳಿಗೆ ಕೇಳಿದವರ ಕೈಗೆ. ಅರ್ಧ ಕೋರ್ಸ್ ನುಂಗಿದವರ ಮೈಯಲ್ಲಿ ಗಟ್ಟಿ ರೋಗಾಣುಗಳೇ ಉಳಿದುಕೊಳ್ಳುತ್ತವೆ. ಇಡೀ ತಿಂಗಳ ನಮೂದು ಒಂದೇ ಶಾಯಿ, ಒಂದೇ ಕೈಬರಹದಲ್ಲಿದ್ದರೆ ಅದು ತಪಾಸಣೆಯ ಹಿಂದಿನ ರಾತ್ರಿ ಬರೆದದ್ದು ಎಂದು ಬೇರೆ ಹೇಳಬೇಕಿಲ್ಲ.

ವೈದ್ಯರ ವಿಷಯದಲ್ಲಿ ನಿಯಮ ಸಾಕಷ್ಟು ಬಿಗಿಯಾಗಿಯೇ ಇದೆ. 2002ರ ವೈದ್ಯಕೀಯ ನೀತಿ ಸಂಹಿತೆಯಂತೆ ಪ್ರತಿ ಸರ್ಟಿಫಿಕೇಟಿನ ನಕಲು, ರೋಗಿಯ ಸಹಿ ಅಥವಾ ಹೆಬ್ಬೆಟ್ಟು, ವಿಳಾಸ, ಕಡೇಪಕ್ಷ ಒಂದು ಗುರುತಿನ ಮಚ್ಚೆ ವೈದ್ಯರ ರಿಜಿಸ್ಟರಿನಲ್ಲಿರಬೇಕು. ಈ ರಿಜಿಸ್ಟರನ್ನು ತೋರಿಸಿ ಎಂದು ಕೇಳುವವರೇ ಇಲ್ಲ. ಲ್ಯಾಬ್ ವರದಿಗಳ ಕೆಳಗೆ ಮೊದಲೇ ಅಚ್ಚಾದ ಸಹಿ ಇದಕ್ಕಿಂತ ಕೆಟ್ಟದ್ದು, ರಕ್ತ ಪರೀಕ್ಷೆಗೆ ಮುಂಚೆಯೇ ಸಹಿ ಬಿದ್ದಿರುತ್ತದೆ! ಖಾಸಗಿ ಆಸ್ಪತ್ರೆ, ಲ್ಯಾಬುಗಳಿಗೆ ಅನ್ವಯಿಸುವ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ಜಿಲ್ಲಾ ನೋಂದಣಿ ಪ್ರಾಧಿಕಾರದ ಅಧ್ಯಕ್ಷರು ತಾವೇ ಆಗಿರುವುದರಿಂದ ಇದಕ್ಕೆ ಬೆಂಗಳೂರಿನ ಕಡೆ ನೋಡಬೇಕಿಲ್ಲ.

ಎಪಿಎಂಸಿಯ ಮೆಕ್ಕೆಜೋಳದ ತೇವಾಂಶವನ್ನೂ ಇಲ್ಲೇ ಹೇಳಿಬಿಡುತ್ತೇವೆ. ಬೆಂಬಲ ಬೆಲೆಗೆ ಮಿತಿ ಶೇ 14. ಬಿಸಿಲಿನಲ್ಲಿ ಕಾದ ಕಾಳನ್ನು ಆರಲು ಬಿಡದೆ ಮಾಪಕಕ್ಕೆ ಹಾಕಿದರೆ, ಅಥವಾ ಮಾಪಕ ಭತ್ತದ ಸೆಟ್ಟಿಂಗಿನಲ್ಲೇ ಇದ್ದರೆ, ತೋರಿಸುವ ಅಂಕಿಯನ್ನು ನಂಬುವಂತಿಲ್ಲ. 14 ಇರುವುದನ್ನು 16 ಎಂದು ಬರೆದು ಅದಕ್ಕೆ ತಕ್ಕಂತೆ ತೂಕ ಕಡಿದರೆ ಕ್ವಿಂಟಲಿಗೆ ಸುಮಾರು 2.3 ಕೆ.ಜಿ. ರೈತರ ಕೈತಪ್ಪುತ್ತದೆ. ಚೀಲದ ಮೇಲೆ, ನಡುವೆ, ತಳದಲ್ಲಿ ತೆಗೆದ ಕಾಳನ್ನು ಬೆರೆಸಿ, ಮೂರು ಸಲ ಅಳೆದು, ಮೂರೂ ಅಂಕಿಯನ್ನು ಚೀಟಿಯಲ್ಲಿ ಬರೆಯಲಿ.

ಈಗ ಲೆಕ್ಕಪರಿಶೋಧಕರ ಕಸುಬಿನಿಂದ ಎರಡು ಉಪಾಯಗಳನ್ನು ತಮ್ಮ ಮುಂದಿಡುತ್ತೇವೆ. ಅವರು ಕೊಡುವ ಸರ್ಟಿಫಿಕೇಟುಗಳಿಗೆ 2019ರ ಫೆಬ್ರುವರಿ 1ರಿಂದ ಯುಡಿಐಎನ್ ಎಂಬ, ಅಂಕಿ ಮತ್ತು ಅಕ್ಷರ ಸೇರಿ 18 ಸ್ಥಾನಗಳ ಸಂಖ್ಯೆ ಕಡ್ಡಾಯ. ಬ್ಯಾಂಕಿನವರಾಗಲಿ ಬೇರೆಯವರಾಗಲಿ ಆ ಸಂಖ್ಯೆ ಹಾಕಿ ಸಹಿ ನಿಜವೇ ಎಂದು ನೋಡಬಹುದು. ಇನ್ನೊಂದು ಹಳೆಯದು, ನಮಗೆ ಇದೇ ಹೆಚ್ಚು ಮುಖ್ಯ. ಸಾಕಷ್ಟು ದಾಖಲೆ ಸಿಗದಿದ್ದಾಗ ಲೆಕ್ಕಪರಿಶೋಧಕರು ‘ಅಭಿಪ್ರಾಯ ಕೊಡಲಾಗದು’ ಎಂದು ಕಾರಣ ಸಮೇತ ಬರೆದು ಅದಕ್ಕೇ ಸಹಿ ಹಾಕಬಹುದು. ಆ ಸೌಲಭ್ಯ ಜೆಇಗೆ ಇಲ್ಲ. ಅವರ ಮುಂದಿನ ಫಾರಂನಲ್ಲಿ ಇರುವುದು ‘ದೃಢೀಕರಿಸಲಾಗಿದೆ’ ಎಂಬ ಒಂದೇ ಸಾಲು. ಸಹಿ ಹಾಕದಿದ್ದರೆ ಕಡತ ತಡೆದರೆಂಬ ದೂರು, ಆಮೇಲೆ ವರ್ಗಾವಣೆ. ಹಾಕಿದರೆ ಸುಳ್ಳು. ಪ್ರಾಮಾಣಿಕರಾದವರಿಗೆ ನಡುವೆ ಕಾಲಿಡಲು ಜಾಗವೇ ಇಲ್ಲ.

ರಾಜ್ಯದ ನಮೂನೆಗಳನ್ನು ತಾವು ಬದಲಿಸುವಂತಿಲ್ಲ, ಬಲ್ಲೆವು. ಆದರೆ ಜೊತೆಗೊಂದು ಹಾಳೆ ಲಗತ್ತಿಸಿ ಎಂದು ಸುತ್ತೋಲೆ ಹೊರಡಿಸಬಹುದು. ಅದರಲ್ಲಿ ಎರಡೇ ಕಾಲಂ: ‘ಖುದ್ದಾಗಿ ನೋಡಿದ್ದೇನೆ: ಸ್ಥಳ, ದಿನ, ಹೊತ್ತು’ ಮತ್ತು ‘ನೋಡಿಲ್ಲ: ಕಾರಣ’. ತಿಂಗಳಿಗೆ ಹತ್ತು ಹಾಳೆಗಳನ್ನು ಚೀಟಿ ಎತ್ತಿ, ‘ನೋಡಿದ್ದೇನೆ’ ಎಂದವರು ಆ ಹೊತ್ತಿಗೆ ಬೇರೆ ಕಡೆಯೂ ಸಹಿ ಹಾಕಿದ್ದಾರೆಯೇ ಎಂದು ಪರಿಶೀಲಿಸಲಿ. ‘ನೋಡಿಲ್ಲ’ಗಳನ್ನು ಎಣಿಸಿದರೆ ಯಾವ ಉಪವಿಭಾಗದಲ್ಲಿ ಒಬ್ಬರ ತಲೆಯ ಮೇಲೆ ಎಷ್ಟು ಕಾಮಗಾರಿ ಹೇರಲಾಗಿದೆ ಎಂಬುದು ತಾನಾಗಿ ಗೊತ್ತಾಗುತ್ತದೆ. ಜಗಳೂರಾದರೂ ಸರಿ, ಹೊನ್ನಾಳಿಯಾದರೂ ಸರಿ, ಒಂದು ತಾಲ್ಲೂಕಿನಲ್ಲಿ ಮೂರು ತಿಂಗಳು ನಡೆಸಿ ನೋಡಿ.

ಮೊದಲ ತಿಂಗಳು ‘ನೋಡಿಲ್ಲ’ಗಳೇ ರಾಶಿ ಬೀಳಬಹುದು. ಆಗ ದಯವಿಟ್ಟು ಯಾರಿಗೂ ನೋಟಿಸು ಕೊಡಬೇಡಿ. ಕೊಟ್ಟರೆ ಎರಡನೇ ತಿಂಗಳು ಎಲ್ಲರೂ ‘ನೋಡಿದ್ದೇನೆ’ ಎಂದೇ ಬರೆದುಕೊಡುತ್ತಾರೆ.

ಇಂತಿ ತಮ್ಮ ವಿಶ್ವಾಸಿಗಳು,
ದಾವಣಗೆರೆಯ ಕೆಲವು ವೃತ್ತಿನಿರತರು