ಮೋಟಾರಿನ ಜೊತೆ ಕನ್ನಡದ ಕೈಪಿಡಿಯೂ ಬರಲಿ

ಸಂಪಾದಕರಿಗೆ,

ಮಾನ್ಯರೇ,

ತಿಪಟೂರಿನಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ, ಅಂದರೆ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ, ಇಟ್ಟುಕೊಂಡಿದ್ದೇನೆ. ಬೇಸಿಗೆ ಬಂತೆಂದರೆ ಬೋರ್‌ವೆಲ್ ಒಳಗೆ ಇಳಿಸುವ ಸಬ್‌ಮರ್ಸಿಬಲ್ ಮೋಟಾರುಗಳು ಸುಟ್ಟುಹೋಗಿ ಬಂದು ಸಾಲುಗಟ್ಟುತ್ತವೆ. ವೋಲ್ಟೇಜ್ ಏರುಪೇರಾಗಿರುತ್ತದೆ, ಇಲ್ಲವೇ ಬೋರ್‌ವೆಲ್‌ನಲ್ಲಿ ನೀರು ಕೆಳಗೆ ಹೋಗಿರುತ್ತದೆ. ಆದರೆ ಕೆಲವು ಮೋಟಾರುಗಳು ಸುಡುವ ಅಗತ್ಯವೇ ಇರಲಿಲ್ಲ. ಒಳಗೆ ನೀರು ತುಂಬಿಸಿ ಇಳಿಸಬೇಕಾದ ಮೋಟಾರನ್ನು ಖಾಲಿಯಾಗಿಯೇ ಇಳಿಸಿರುತ್ತಾರೆ. ವೈಂಡಿಂಗ್ (ಒಳಗಿನ ತಂತಿ ಸುರುಳಿ) ತಣ್ಣಗಿರುವುದು, ಬೇರಿಂಗ್ ಸವೆಯದೆ ತಿರುಗುವುದು ಆ ನೀರಿನಿಂದಲೇ. ಶುದ್ಧ ನೀರು ಹಾಕಿ, ಗಾಳಿಗುಳ್ಳೆ ಪೂರ್ತಿ ಹೋಗುವವರೆಗೂ ಕಾದು, ಆಮೇಲೆ ಪ್ಲಗ್ ಬಿಗಿ ಮಾಡಬೇಕು. ಇದೆಲ್ಲ ಕೈಪಿಡಿಯಲ್ಲಿ ಬರೆದೇ ಇರುತ್ತದೆ. ಆದರೆ ಇಂಗ್ಲಿಷಿನಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ. ರೈತರು ಅದನ್ನು ಓದುವುದು ಹೇಗೆ?

ಕರೆಂಟಿನ ಮೂರು ಫೇಸ್ ವೈರ್‌ಗಳ ಕ್ರಮ ಅದಲುಬದಲಾದರೆ ಮೋಟಾರು ಉಲ್ಟಾ ತಿರುಗುತ್ತದೆ, ನೀರು ಕಮ್ಮಿ ಬರುತ್ತದೆ. ಅವುಗಳಲ್ಲಿ ಎರಡನ್ನು ಒಂದರ ಜಾಗಕ್ಕೆ ಇನ್ನೊಂದು ಕೊಟ್ಟರೆ ಸರಿಹೋಗುತ್ತದೆ. ಅದು ಗೊತ್ತಾಗದೆ ಸುಮ್ನೆ ಪಂಪ್ ಮೇಲೆತ್ತಿಸಿ ದುಡ್ಡು ಕಳೆದುಕೊಂಡವರಿದ್ದಾರೆ.

ಇನ್ನೊಂದು ತೊಂದರೆ ನಮ್ಮಂಥ ಕೆಲಸಗಾರರಿಗೇ ಜಾಸ್ತಿ. ಕಂಪನಿಯವರು ಮೋಟಾರು ಆನ್-ಆಫ್ ಮಾಡುವ ಸ್ಟಾರ್ಟರ್ ಪ್ಯಾನಲ್ ಬದಲಿಸಿರುತ್ತಾರೆ, ಡಬ್ಬದೊಳಗೆ ಮಾತ್ರ ಹಳೇ ಮಾಡೆಲ್‌ನ ವೈರಿಂಗ್ ಚಿತ್ರ ಇರುತ್ತದೆ. ಟರ್ಮಿನಲ್ ನಂಬರ್ ಒಂದಕ್ಕೊಂದು ತಾಳೆಯಾಗುವುದಿಲ್ಲ. ಡ್ರಾಯಿಂಗ್ ಬದಲಾದಾಗಲೇ ಕೈಪಿಡಿಯ ಆ ಪುಟವೂ ಬದಲಾಗಬೇಕಲ್ವಾ? ಯಾವ ಮಾಡೆಲ್, ಯಾವ ಸೀರಿಯಲ್ ನಂಬರಿನಿಂದ ಇದು ಅನ್ವಯ, ಕೊನೆಯ ಸಲ ತಿದ್ದಿದ್ದು ಯಾವಾಗ ಎಂದು ಮೊದಲ ಪುಟದಲ್ಲೇ ಹಾಕಬೇಕು. ದೊಡ್ಡ ಕಂಪನಿಗಳಲ್ಲಿ ಈ ಕೆಲಸಕ್ಕೇ ಟೆಕ್ನಿಕಲ್ ರೈಟರ್‌ಗಳಿರುತ್ತಾರೆ. ಎಲ್ಲ ಮಾಡೆಲ್‌ಗೂ ಹೊಂದುವ ಎಚ್ಚರಿಕೆಗಳನ್ನು ಒಂದೇ ಕಡೆ ಬರೆದಿಟ್ಟು ಅಲ್ಲಿಂದಲೇ ಎಲ್ಲ ಕೈಪಿಡಿಗೂ ತರುತ್ತಾರೆ. ಒಂದು ಕಡೆ ತಿದ್ದಿದರೆ ಸಾಕು. ಸಣ್ಣ ಕಾರ್ಖಾನೆಯವರು ಒಬ್ಬರಿಗಾದರೂ ಈ ಜವಾಬ್ದಾರಿ ವಹಿಸಬಹುದು.

ಯುರೋಪ್ ಒಕ್ಕೂಟದ ನಿಯಮದಂತೆ, ಯಂತ್ರ ಯಾವ ದೇಶದಲ್ಲಿ ಮಾರಾಟವಾಗುತ್ತದೋ ಆ ದೇಶದ ಭಾಷೆಯಲ್ಲಿ ಕೈಪಿಡಿ ಇರಲೇಬೇಕು. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಿಂದ ಜರ್ಮನಿಗೆ ಯಂತ್ರ ಕಳಿಸುವವರು ಜರ್ಮನ್ ಕೈಪಿಡಿ ಜೊತೆಗಿಡಬೇಕು. ಅದೇ ಪೀಣ್ಯದಿಂದ ತುಮಕೂರಿಗೆ ಬರುವ ಯಂತ್ರಕ್ಕೆ ಕನ್ನಡದ್ದು ಯಾಕಿಲ್ಲ? ರಾಜ್ಯದಲ್ಲಿ ತಯಾರಾಗುವ ವಸ್ತುಗಳ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆಂದು 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯೇ ಹೇಳುತ್ತದೆ. ಸರಿಯಾದ ಬಳಕೆಯ ಸೂಚನೆ ಕೊಡದೆ ಗ್ರಾಹಕರಿಗೆ ಹಾನಿಯಾದರೆ ತಯಾರಕರೇ ಹೊಣೆ ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೂ ಇದೆ.

ಪೂರ್ತಿ ಪುಸ್ತಕ ಈಗಲೇ ಆಗದಿದ್ದರೆ ಬೇಡ. ಇಳಿಸುವ ಮುಂಚೆ ಏನು ಮಾಡಬೇಕು, ವೈರಿಂಗ್ ಹೇಗೆ, ಕರೆಂಟ್ ಮಿತಿ ಮೀರಿದರೆ ಮೋಟಾರು ನಿಲ್ಲಿಸುವ ಓವರ್‌ಲೋಡ್ ರಿಲೇ ಎಷ್ಟಕ್ಕೆ ಇಡಬೇಕು, ಇಷ್ಟನ್ನು ದಪ್ಪ ಅಕ್ಷರದ ಕನ್ನಡದಲ್ಲಿ, ಚಿತ್ರ ಸಮೇತ ಕೊಡಲಿ. ಅಚ್ಚು ಹಾಕಿಸುವ ಮುಂಚೆ ಮೋಟಾರು ಇಳಿಸುವವರ ಕೈಗೆ ಕೊಟ್ಟು ಓದಿಸಲಿ. ಸರ್ಕಾರ ಕೂಡ ಹೊರಗಿನ ಲೇಬಲ್ ನೋಡಿ ಸುಮ್ಮನಾಗದೆ, ಡಬ್ಬ ತೆಗೆಸಿ ಒಳಗಿನ ಕೈಪಿಡಿಯನ್ನೂ ಪರಿಶೀಲಿಸಬೇಕು.

– ಮೋಟಾರ್ ಮೆಕ್ಯಾನಿಕ್, ತಿಪಟೂರು