ತಲೆ ಮೇಲೆ ಗಮೇಲಾ (ಮರಳು ಹೊರುವ ಬಾಣಲಿ) ಇದ್ದರೆ ಹೆಲ್ಮೆಟ್ ಎಲ್ಲಿಡಬೇಕು, ಸಚಿವರೇ?

ಮಹಾರಾಷ್ಟ್ರದ ಕಾರ್ಮಿಕ ಸಚಿವರಿಗೆ,

ನಮಸ್ಕಾರ. ಇದರ ಮರಾಠಿ ಪ್ರತಿಯನ್ನು ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಇಲ್ಲಿ ಕನ್ನಡದಲ್ಲಿ ಹಾಕುತ್ತಿರುವುದು, ಪುಣೆಯ ಸೈಟ್‌ಗಳಲ್ಲಿ ದುಡಿಯುವ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ನಮ್ಮ ಜನರೂ ಓದಲಿ ಅಂತ. ನಾನು ಇದೇ ಊರಲ್ಲಿ ಕಟ್ಟಡ ಕೆಲಸದ ಸೇಫ್ಟಿ ನೋಡಿಕೊಳ್ಳುವವನು.

ನಿಮ್ಮ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ನೋಂದಣಿ ಆದವರಿಗೆ ಸುರಕ್ಷಾ ಕಿಟ್ ಕೊಡುತ್ತದೆ. ಹೆಲ್ಮೆಟ್, ಬೂಟು, ಜಾಕೆಟ್ ಎಲ್ಲ ಅದರಲ್ಲಿವೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಕಿಟ್ ಸಿಕ್ಕ ಹೆಂಗಸರ ಹೆಲ್ಮೆಟ್ ಎಲ್ಲಿದೆ ಅಂತ ಒಮ್ಮೆ ವಿಚಾರಿಸಿ. ನಾನು ನೋಡಿದ ಶೆಡ್ಡುಗಳಲ್ಲಿ ಅದು ಮೊಳೆಗೆ ನೇತಾಡುತ್ತಿರುತ್ತದೆ.

ಸೋಮಾರಿತನ ಅಂತ ಅಧಿಕಾರಿಗಳು ಹೇಳಬಹುದು. ಅಲ್ಲ. ನಮ್ಮ ಹೆಂಗಸರಿಗೆ ಸೈಟ್‌ನಲ್ಲಿ ಸಿಗುವ ಕೆಲಸವೇ ಹೊರುವುದು. ಮರಳು, ಇಟ್ಟಿಗೆ, ಕಾಂಕ್ರೀಟ್ ಎಲ್ಲ ತಲೆ ಮೇಲೆ. ತಲೆಗೆ ಸಿಂಬಿ, ಅದರ ಮೇಲೆ ಗಮೇಲಾ. ಹೆಲ್ಮೆಟ್ ಯಾಕಿಲ್ಲ ಅಂತ ಕೇಳಿದ್ದಕ್ಕೆ ಯಾದಗಿರಿಯ ಒಬ್ಬ ಅಕ್ಕ ನನಗೇ ತಿರುಗಿ ಕೇಳಿದಳು: "ಅಣ್ಣಾ, ಗಮೇಲಾ ಹೊರಲ್ಯೋ, ಟೊಪಗಿ ಹಾಕ್ಕೊಳ್ಳಲ್ಯೋ? ಯಾವ್ದರ ಒಂದ್ ಹೇಳ್ರಿ." ಉತ್ತರ ನನ್ನ ಹತ್ತಿರ ಇರಲಿಲ್ಲ. ನಿಮ್ಮ ಹತ್ತಿರ ಇದೆ ಅಂತಲೇ ಈ ಪತ್ರ.

ಸಿಂಬಿ ಇಟ್ಟುಕೊಂಡು ಹೆಲ್ಮೆಟ್ ಹಾಕಲಾಗದು. ಹೆಲ್ಮೆಟ್ ಮೇಲೆ ಗಮೇಲಾ ಇಟ್ಟರೆ ಜಾರುತ್ತದೆ, ಕುತ್ತಿಗೆಗೆ ಅಪಾಯ. ಅದೂ ಅಲ್ಲದೆ ಹೆಲ್ಮೆಟ್ ಕೆಲಸ ಮಾಡುವ ರೀತಿಯೇ ಬೇರೆ. ಹೊರಗಿನ ಚಿಪ್ಪಿಗೂ ತಲೆಗೂ ನಡುವೆ ಪಟ್ಟಿಗಳ ಜೋಲಿ ಇರುತ್ತದೆ, ಮೇಲೆ ಒಂದಿಷ್ಟು ಖಾಲಿ ಜಾಗ. ಬಿದ್ದ ಪೆಟ್ಟನ್ನು ಆ ಪಟ್ಟಿಗಳು ಹಂಚಿಕೊಳ್ಳುತ್ತವೆ. ಆ ಜಾಗ ತುಂಬಿಹೋದರೆ ಪೆಟ್ಟು ಸೀದಾ ತಲೆಗೆ. ಗಂಡಸರು ಅದರೊಳಗೆ ಬೀಡಿ ಕಟ್ಟು, ತಂಬಾಕಿನ ಚೀಟಿ ತುರುಕುತ್ತಾರೆ, ಅವರಿಗೆ ಬೈದು ತೆಗೆಸಬಹುದು. ಹೆಂಗಸರ ತುರುಬನ್ನು ಏನು ಮಾಡೋದು? ತುರುಬಿನ ಮೇಲೆ ಕೂತ ಹೆಲ್ಮೆಟ್ ಬಗ್ಗಿದ ಕೂಡಲೇ ಬಿದ್ದುಹೋಗುತ್ತದೆ. ಹಿಂದಿನ ಪಟ್ಟಿಯ ಕೆಳಗೆ ಕೂದಲಿಗೆ ಜಾಗ ಇರುವಂಥದ್ದು, ಗುಂಡಿ ತಿರುಗಿಸಿ ಬಿಗಿ ಮಾಡುವಂಥದ್ದು, ಗಲ್ಲದ ಪಟ್ಟಿ ಇರುವಂಥದ್ದು ಬೇಕು.

ಹಾಗಾಗಿ ನಾನು ಕೇಳೋದು ಮೊದಲು ಹೆಲ್ಮೆಟ್ ಅಲ್ಲ, ಕೈಗಾಡಿ ಮತ್ತು ಸಾಮಾನು ಎತ್ತುವ ಲಿಫ್ಟ್. ಮೇಲೆ ಕೆಲಸ ನಡೆಯುವ ಕಡೆ ತಲೆ ಮೇಲೆ ಹೊರಿಸುವಂತಿಲ್ಲ ಅಂತ ಗುತ್ತಿಗೆದಾರರಿಗೆ ಆದೇಶ ಕೊಡಿ. ಆದರೆ ಗಾಡಿ ಬಂತು ಅಂತ ಕೂಲಿಗಳನ್ನು ಕರೆತರುವ ಮುಕಾದಮ ಹೆಂಗಸರನ್ನು ಕೆಲಸದಿಂದ ತೆಗೆಯಬಾರದು. ಗಾಡಿ ತಳ್ಳುವುದು ಅವರಿಗೂ ಬರುತ್ತದೆ, ಲಿಫ್ಟ್ ನಡೆಸುವುದನ್ನು ಕಲಿಸಿದರೆ ಅದೂ ಬರುತ್ತದೆ.

ಹೆಲ್ಮೆಟ್ಟೇ ಎಲ್ಲಕ್ಕೂ ಉತ್ತರ ಅಂತಲೂ ನಾನು ಹೇಳುತ್ತಿಲ್ಲ. 2019ರ ಜೂನ್‌ನಲ್ಲಿ ಪುಣೆಯ ಕೊಂಢ್ವಾದಲ್ಲಿ ಕಾಂಪೌಂಡ್ ಗೋಡೆ ಕಾರ್ಮಿಕರ ಶೆಡ್ಡುಗಳ ಮೇಲೆ ಬಿದ್ದು 15 ಜನ ಸತ್ತರು. ರಾತ್ರಿ ಮಲಗಿದ್ದವರು ಅವರು. ಮೊದಲು ಬೀಳುವುದನ್ನು ನಿಲ್ಲಿಸಬೇಕು: ಬಲೆ ಕಟ್ಟಬೇಕು, ಅಟ್ಟಣೆಯ ಅಂಚಿಗೆ ಹಲಗೆ ಹೊಡೆಯಬೇಕು. ಅದರಾಚೆಗೂ ಬಿದ್ದದ್ದಕ್ಕೆ ಹೆಲ್ಮೆಟ್.

ಕೊಳ್ಳುವಾಗ ಕೆಲವು ವಿಷಯ ಗಮನಿಸಲಿ. ಕೆಲಸದ ಹೆಲ್ಮೆಟ್ಟಿಗೆ ಇರುವ ಭಾರತೀಯ ಮಾನಕ ಐಎಸ್ 2925ರ ಗುರುತು ಇರಲೇಬೇಕು. ಬೈಕಿನ ಹೆಲ್ಮೆಟ್ಟಿನ ಐಎಸ್ 4151 ಬೇರೆ, ಸೈಟಿಗೆ ಅದು ನಡೆಯೋದಿಲ್ಲ. ಬಿಸಿಲಿಗೆ ಬಿಳಿ ಅಥವಾ ತಿಳಿ ಬಣ್ಣ ವಾಸಿ. ಗಾಳಿ ತೂತಿದ್ದರೆ ಬೆವರು ಕಡಿಮೆ, ಆದರೆ ಕರೆಂಟ್ ಕೆಲಸದವರಿಗೆ ತೂತಿರುವುದು ಬೇಡ. ಒಳಗಿನ ಪಟ್ಟಿ ಬಿಡಿಯಾಗಿ ಸಿಗಬೇಕು. ತಯಾರಕರು ಸಾಮಾನ್ಯವಾಗಿ ಅದನ್ನು ವರ್ಷಕ್ಕೊಮ್ಮೆ, ಚಿಪ್ಪನ್ನು 5 ವರ್ಷದೊಳಗೆ ಬದಲಿಸಿ ಅನ್ನುತ್ತಾರೆ. ಬಿಸಿಲಿಗೆ ಪ್ಲಾಸ್ಟಿಕ್ ಗಡುಸಾಗಿ ಬಿರುಕು ಬಿಡುತ್ತದೆ. ಒಮ್ಮೆ ಜೋರಾಗಿ ಪೆಟ್ಟು ಬಿದ್ದದ್ದನ್ನು ಮತ್ತೆ ಹಾಕಬಾರದು, ಬಿರುಕು ಕಾಣದಿದ್ದರೂ. ಈ ಮಾತುಗಳನ್ನು ಕಿಟ್ ಜೊತೆ ಕನ್ನಡದಲ್ಲೂ ಹೇಳಿಸಿ. ಓದು ಬಾರದವರೇ ಜಾಸ್ತಿ, ಚೀಟಿ ಕೊಟ್ಟರೆ ಸಾಲದು. ಹಾಕಿ ತೋರಿಸಬೇಕು.

ಮುಂದಿನ ಟೆಂಡರ್ ಕರೆಯುವ ಮುಂಚೆ ನಿಮ್ಮ ಅಧಿಕಾರಿಗಳು ನಾಲ್ಕಾರು ಬಗೆಯ ಹೆಲ್ಮೆಟ್ ಹಿಡಿದು ಡಾಂಗೆ ಚೌಕದಲ್ಲಿ ಕೂಲಿಗಳು ಕೆಲಸಕ್ಕಾಗಿ ಸೇರುವ ಮಜೂರ ಅಡ್ಡಾಕ್ಕೆ ಬರಲಿ. ಹೆಂಗಸರ ತಲೆಗೆ ಹಾಕಿಸಿ, ಬಗ್ಗಿಸಿ, ಮೆಟ್ಟಿಲು ಹತ್ತಿಸಿ ನೋಡಲಿ. ಕನ್ನಡ ಮಾತಾಡಿಸೋಕೆ ನಾನು ಬರುತ್ತೇನೆ. ಬೆಳಿಗ್ಗೆ ಬೇಗ ಬರಲು ಹೇಳಿ. ತಡವಾದರೆ ಎಲ್ಲರೂ ಟೆಂಪೋ ಹತ್ತಿ ಕೆಲಸಕ್ಕೆ ಹೋಗಿರುತ್ತಾರೆ.

ಇಂತಿ,
ಪುಣೆಯ ಒಬ್ಬ ಸೇಫ್ಟಿ ಸೂಪರ್‌ವೈಸರ್