ನನಗೂ ಒಂದು ಓಟು ಸಿಗಬಹುದು, ಅಪ್ಪ

ಬೆಲ್‌ಫಾಸ್ಟ್, 14 ಜುಲೈ 2025

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ನಿಮ್ಮ ಮಂಡಿನೋವು, ಅಮ್ಮನ ಶುಗರ್ ಹೇಗಿದೆ ತಿಳಿಸಿ.

ಮೊನ್ನೆ ಫೋನಿನಲ್ಲಿ "ಐರ್ಲೆಂಡ್ ಮತ್ತೆ ಒಂದಾಗುತ್ತಂತಲ್ಲ, ನಿನ್ನ ಊರು ಯಾವ ಕಡೆಗೆ?" ಅಂತ ಕೇಳಿದಿರಿ. ನಾನು ನೈಟ್ ಡ್ಯೂಟಿಗೆ ಹೊರಟಿದ್ದೆ. "ಅದು ದೊಡ್ಡ ಕಥೆ" ಅಂದು ಫೋನ್ ಇಟ್ಟುಬಿಟ್ಟೆ. ಇವತ್ತು ಬಿಡುವಿದೆ. ಜುಲೈ 12 ಇಲ್ಲಿ ಹಬ್ಬದ ದಿನ. ಈ ಸಲ ಶನಿವಾರ ಬಂದದ್ದರಿಂದ ಸೋಮವಾರ ರಜೆ ಕೊಟ್ಟಿದ್ದಾರೆ.

ಆ ಹಬ್ಬದಿಂದಲೇ ಶುರು ಮಾಡುತ್ತೇನೆ. 1690ರಲ್ಲಿ ಬಾಯ್ನ್ ನದಿಯ ಹತ್ತಿರ ಪ್ರಾಟೆಸ್ಟೆಂಟ್ ರಾಜ ವಿಲಿಯಂ, ಕ್ಯಾಥೊಲಿಕ್ ರಾಜ ಜೇಮ್ಸನನ್ನು ಸೋಲಿಸಿದ. ಆ ಗೆಲುವಿನ ನೆನಪಿಗೆ ಇಲ್ಲಿಯ ಪ್ರಾಟೆಸ್ಟೆಂಟರು ಮಾಡುವ ಹಬ್ಬ ಇದು. ಹಿಂದಿನ ರಾತ್ರಿ ಬೆಂಕಿ ಹಾಕುತ್ತಾರೆ. ಕಾಮನ ಹಬ್ಬಕ್ಕೆ ನಮ್ಮ ಬೀದಿ ಹುಡುಗರು ಕಟ್ಟಿಗೆ ಕೂಡಿಸುತ್ತಿದ್ದರಲ್ಲ, ಹಾಗೆ ಇಲ್ಲಿ ವಾರಗಟ್ಟಲೆ ಮರದ ಪ್ಯಾಲೆಟ್ ಕೂಡಿಸಿ ಮನೆಗಿಂತ ಎತ್ತರ ಪೇರಿಸುತ್ತಾರೆ. ಎಷ್ಟೋ ಕಡೆ ತುದಿಗೆ ಐರ್ಲೆಂಡಿನ ಬಾವುಟ ಸಿಕ್ಕಿಸಿ ಸುಡುತ್ತಾರೆ. ಆ ಬಾವುಟದಲ್ಲಿ ಹಸಿರು ಕ್ಯಾಥೊಲಿಕರದ್ದು, ಕಿತ್ತಳೆ ಪ್ರಾಟೆಸ್ಟೆಂಟರದ್ದು, ಬಿಳಿ ಇಬ್ಬರ ನಡುವಿನ ಶಾಂತಿ. ತಮ್ಮ ಕಿತ್ತಳೆಯನ್ನೂ ತಾವೇ ಸುಡುತ್ತಾರಲ್ಲ ಅಂತ ನನಗೆ ಪ್ರತಿ ವರ್ಷ ಅನಿಸುತ್ತದೆ. ಯಾರ ಹತ್ತಿರವೂ ಹೇಳಲು ಹೋಗಿಲ್ಲ.

ಜಗಳ ಏನೆಂದರೆ, ಈ ದ್ವೀಪದಲ್ಲಿ 32 ಕೌಂಟಿಗಳಿವೆ. ಜಿಲ್ಲೆ ಅಂದುಕೊಳ್ಳಿ. 1921ರಲ್ಲಿ ದ್ವೀಪ ಇಬ್ಭಾಗವಾದಾಗ ನಮ್ಮ ಬೆಲ್‌ಫಾಸ್ಟ್ ಇರುವ ಉತ್ತರದ 6 ಉತ್ತರ ಐರ್ಲೆಂಡ್ ಅಂತಾಗಿ ಬ್ರಿಟನ್ನಿನ ಜೊತೆ ಉಳಿದವು, ಮಿಕ್ಕ 26 ಬೇರೆ ದೇಶವಾದವು. ದ್ವೀಪ ಪೂರ್ತಿ ಒಂದೇ ದೇಶವಾಗಲಿ ಅನ್ನುವವರು ನ್ಯಾಷನಲಿಸ್ಟರು, ಹೆಚ್ಚಿನವರು ಕ್ಯಾಥೊಲಿಕರು. ಬ್ರಿಟನ್ ಬಿಡುವುದಿಲ್ಲ ಅನ್ನುವವರು ಯೂನಿಯನಿಸ್ಟರು, ಹೆಚ್ಚಿನವರು ಪ್ರಾಟೆಸ್ಟೆಂಟರು. ಈ ಜಗಳದಲ್ಲಿ 1960ರ ದಶಕದ ಕೊನೆಯಿಂದ 1998ರವರೆಗೆ ಸುಮಾರು 3,500 ಜನ ಸತ್ತರು. ನಮ್ಮ ಊರಲ್ಲಿ ಕ್ಯಾಥೊಲಿಕರ ಫಾಲ್ಸ್ ರೋಡ್ ಮತ್ತು ಪ್ರಾಟೆಸ್ಟೆಂಟರ ಶಾಂಕಿಲ್ ರೋಡ್ ನಡುವೆ ಕಟ್ಟಿದ ಗೋಡೆ ಇನ್ನೂ ನಿಂತಿದೆ. ಅದರ ಗೇಟುಗಳನ್ನು ರಾತ್ರಿ ಮುಚ್ಚುತ್ತಾರೆ.

ಯಾರು ಯಾವ ಕಡೆ ಅಂತ ಇವರು ಕೇಳುವುದಿಲ್ಲ, ಮಾತಿನಲ್ಲೇ ಹಿಡಿದುಬಿಡುತ್ತಾರೆ. ಒಂದು ಊರನ್ನು ಡೆರಿ ಅಂದರೆ ಒಂದು ಕಡೆ, ಲಂಡನ್‌ಡೆರಿ ಅಂದರೆ ಇನ್ನೊಂದು ಕಡೆ. ಬೆಳಗಾವಿ ಅಂದವರು ಯಾರು, ಬೆಳಗಾಂವ್ ಅಂದವರು ಯಾರು ಅಂತ ಚಿಕ್ಕಪ್ಪನಿಗೆ ಗೊತ್ತಾಗುತ್ತಲ್ಲ, ಹಾಗೇ. ನಾನು ಮೊದಲ ವರ್ಷ ಬಾಯಿಗೆ ಬಂದದ್ದು ಹೇಳುತ್ತಿದ್ದೆ. ಈಗ "ನಿಮ್ಮ ಊರು" ಅನ್ನುತ್ತೇನೆ.

ಈ ಜಗಳ ನಿಲ್ಲಿಸಲು ಮಾಡಿಕೊಂಡ 1998ರ ಗುಡ್ ಫ್ರೈಡೇ ಒಪ್ಪಂದದಲ್ಲಿ ಒಂದು ದಾರಿ ಮಾಡಿದ್ದಾರೆ. ಇಲ್ಲಿ ಓಟು ಹಾಕಿದವರಲ್ಲಿ ಅರ್ಧಕ್ಕಿಂತ ಒಂದು ಓಟು ಜಾಸ್ತಿ ಬಂದು, ದಕ್ಷಿಣದವರೂ ಒಪ್ಪಿದರೆ ಒಂದಾಗಬಹುದು. ಆದರೆ ಓಟು ಯಾವಾಗ? ಬಹುಮತ ಸಿಗಬಹುದು ಅಂತ ಲಂಡನ್ನಿನ ಒಬ್ಬ ಮಂತ್ರಿಗೆ ಅನಿಸಿದಾಗ. ಅದನ್ನು ಆತ ಯಾವ ಅಳತೆಯಿಂದ ತಿಳಿಯಬೇಕು ಅಂತ ಒಪ್ಪಂದದಲ್ಲಿ ಬರೆದಿಲ್ಲ. ಒಮ್ಮೆ ನಡೆಸಿದರೆ 7 ವರ್ಷ ಮತ್ತೆ ನಡೆಸುವಂತಿಲ್ಲ. ಹಿಂದೆ 1973ರಲ್ಲೂ ಒಮ್ಮೆ ಕೇಳಿದ್ದರು. ನ್ಯಾಷನಲಿಸ್ಟರು ಬಹಿಷ್ಕಾರ ಹಾಕಿ ಮನೆಯಲ್ಲೇ ಕೂತರು, ಬ್ರಿಟನ್ ಕಡೆಗೆ ಶೇ. 98.9 ಬಿತ್ತು.

2021ರ ಜನಗಣತಿಯಲ್ಲಿ ಮೊದಲ ಸಲ ಕ್ಯಾಥೊಲಿಕ್ ಹಿನ್ನೆಲೆಯವರು ಮುಂದೆ ಬಂದರು. ಅವರು ಶೇ. 45.7, ಪ್ರಾಟೆಸ್ಟೆಂಟ್ ಮತ್ತು ಉಳಿದ ಕ್ರೈಸ್ತ ಹಿನ್ನೆಲೆಯವರು ಶೇ. 43.5. ಕಳೆದ ವರ್ಷದಿಂದ ಫಸ್ಟ್ ಮಿನಿಸ್ಟರ್, ಅಂದರೆ ಇಲ್ಲಿಯ ಮುಖ್ಯಮಂತ್ರಿ ಇದ್ದ ಹಾಗೆ, ಅವರು ಕೂಡ ನ್ಯಾಷನಲಿಸ್ಟ್, ಮಿಶೆಲ್ ಓನೀಲ್. ಹಾಗಾದರೆ ಲೆಕ್ಕ ಮುಗೀತಲ್ಲ ಅಂತೀರಿ. ಎಲ್ಲಿ ಮುಗೀತು? ನನ್ನ ವಾರ್ಡಿನ ಗೆಳತಿಯ ಮನೆ ಗಡಿಯಾಚೆ, ಡಂಡಾಕ್ ಹತ್ತಿರ. ದಿನಾ ಕಾರಿನಲ್ಲಿ ಬಂದು ಹೋಗುತ್ತಾಳೆ. ಅವಳು ಒಂದಾಗಲೇಬೇಕು ಅನ್ನುತ್ತಾಳೆ. ಅವಳು ಚಿಕ್ಕವಳಿದ್ದಾಗ ಅದೇ ರಸ್ತೆಯಲ್ಲಿ ಬ್ರಿಟಿಷ್ ಸೈನಿಕರು ಅವರಪ್ಪನನ್ನು ಇಳಿಸಿ, ಮಕ್ಕಳ ಎದುರೇ ಡಿಕ್ಕಿ ಖಾಲಿ ಮಾಡಿಸುತ್ತಿದ್ದರಂತೆ. ಆದರೆ ಈಚೆ ನ್ಯೂರಿಯಲ್ಲಿರುವ ಅವಳ ಅಮ್ಮ, ಪಕ್ಕಾ ಕ್ಯಾಥೊಲಿಕ್, "ಮೊದಲು ಡಾಕ್ಟರ್ ಫೀಸು ಯಾರು ಕೊಡ್ತಾರೆ ಹೇಳು" ಅನ್ನುತ್ತಾರೆ. ಇಲ್ಲಿ ಡಾಕ್ಟರಿಗೆ ತೋರಿಸುವುದು ಪುಕ್ಕಟೆ. ದಕ್ಷಿಣದಲ್ಲಿ ಬಹಳ ಜನ ಹೋದಾಗಲೆಲ್ಲ ದುಡ್ಡು ಕೊಡಬೇಕು.

ಇನ್ನು ನಮ್ಮ ಪಕ್ಕದ ಮನೆ ಅಜ್ಜಿ. ಶನಿವಾರ ಮಡಚುವ ಕುರ್ಚಿ ಹಿಡಿದು ಹಬ್ಬದ ಮೆರವಣಿಗೆ ನೋಡಲು ಹೋಗಿದ್ದರು. ಅವರ ಅಣ್ಣ ಪೊಲೀಸ್ ಆಗಿದ್ದರು. ದಿನಾ ಬೆಳಿಗ್ಗೆ ಬಗ್ಗಿ, ಕಾರಿನ ಕೆಳಗೆ ಬಾಂಬ್ ಇದೆಯಾ ಅಂತ ನೋಡಿಯೇ ಹೊರಡುತ್ತಿದ್ದರಂತೆ. "ನಾವು ಸ್ಕಾಟ್‌ಲೆಂಡಿನಿಂದ ಬಂದು 400 ವರ್ಷ ಆಯ್ತು. ನಾಳೆ ನಮ್ಮನ್ನು ಅತಿಥಿಗಳು ಅಂತಾರೆ" ಅಂತ ಟೀ ಕುಡಿಯುತ್ತಾ ಹೇಳಿದರು. ಅದೇ ಅಜ್ಜಿಯ ಮೊಮ್ಮಗ ಬ್ರೆಕ್ಸಿಟ್ ಆಗಿ ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟಮೇಲೆ ಐರಿಷ್ ಪಾಸ್‌ಪೋರ್ಟ್ ಮಾಡಿಸಿಕೊಂಡಿದ್ದಾನೆ. ಇಲ್ಲಿ ಹುಟ್ಟಿದವರಿಗೆ ಎರಡೂ ಸಿಗುತ್ತದೆ. "ಅದು ಏರ್‌ಪೋರ್ಟ್ ಕ್ಯೂಗೆ ಮಾತ್ರ" ಅಂತ ಅಜ್ಜಿ ನನಗೆ ಎರಡು ಸಲ ಹೇಳಿದರು!

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಭಾರತ ಕಾಮನ್‌ವೆಲ್ತ್ ದೇಶ. ಅದಕ್ಕೇ ಇಲ್ಲಿಯ ಚುನಾವಣೆಗಳಲ್ಲಿ ನನಗೆ ಓಟಿದೆ, ಕಳೆದ ಜುಲೈನಲ್ಲಿ ಹಾಕಿದೆ ಕೂಡ. 2016ರಲ್ಲಿ ಬ್ರೆಕ್ಸಿಟ್‌ಗೂ ನಮ್ಮವರು ಹಾಕಿದ್ದರು. ಗಡಿಯ ಓಟಿಗೆ ಯಾರೆಲ್ಲ ಅರ್ಹರು ಅಂತ ಇನ್ನೂ ಗೊತ್ತುಮಾಡಿಲ್ಲ. ಹಳೇ ನಿಯಮವೇ ಆದರೆ ಅರಸೀಕೆರೆಯ ನಾನು ಬ್ರಿಟನ್ನಿನ ಗಡಿ ಎಲ್ಲಿರಬೇಕು ಅಂತ ಹೇಳುತ್ತೇನೆ. 42ರಲ್ಲಿ ಜೈಲಿಗೆ ಹೋಗಿದ್ದ ಅಜ್ಜ ಇದ್ದಿದ್ದರೆ ಒಂದು ನಿಮಿಷವೂ ಯೋಚಿಸುತ್ತಿರಲಿಲ್ಲ, ಅಲ್ವಾ? ನನಗೆ ಅಷ್ಟು ಸುಲಭವಾಗಿ ಬರುತ್ತಿಲ್ಲ. ಪಕ್ಕದ ಮನೆ ಅಜ್ಜಿಯ ಮುಖ ನೆನಪಾಗುತ್ತದೆ. ನನ್ನ ವೀಸಾ ಕೊಟ್ಟವರು ಲಂಡನ್ನಿನವರು ಅನ್ನುವುದೂ ನೆನಪಾಗುತ್ತದೆ. ಸ್ವಾರ್ಥ ಅನ್ನಿ ಬೇಕಾದರೆ.

ತಮಾಷೆ ನೋಡಿ. ಇವರಿಗೆ ಆ ಗಡಿ ಕಾಣುವುದೇ ಇಲ್ಲ. ಗೇಟಿಲ್ಲ, ಪೊಲೀಸರಿಲ್ಲ, ವೇಗದ ಬೋರ್ಡು ಮೈಲಿಯಿಂದ ಕಿಲೋಮೀಟರಿಗೆ ತಿರುಗುತ್ತದೆ, ಅಷ್ಟೇ. ನನಗೆ ಮಾತ್ರ ಅದು ದೊಡ್ಡ ಗಡಿ. ನಮ್ಮ ಪಾಸ್‌ಪೋರ್ಟಿಗೆ ಆಚೆ ಹೋಗಲು ಬೇರೆ ವೀಸಾ ಬೇಕು. ಗೆಳತಿ ಎರಡು ವರ್ಷದಿಂದ ಊಟಕ್ಕೆ ಕರೆಯುತ್ತಿದ್ದಾಳೆ. ಒಂದು ಗಂಟೆಯ ದಾರಿ, ಹೋಗಿಲ್ಲ. ಕೊನೆಗೆ ಹೋದ ವಾರ ಅರ್ಜಿ ಹಾಕಿದೆ.

ಬಾಲಿಮೀನಾದಲ್ಲಿ ಕಳೆದ ತಿಂಗಳು ವಲಸಿಗರ ಮನೆಗಳ ಮೇಲೆ ದಾಳಿಯಾದ ಸುದ್ದಿ ನೀವು ಓದಿರುತ್ತೀರಿ. ಅದು ಬೇರೆ ಗಲಾಟೆ. ನಮ್ಮ ಬೀದಿ ಶಾಂತವಾಗಿದೆ, ಅಮ್ಮನಿಗೆ ಹೇಳಿ. ಹಾಗೇ ಶೇಂಗಾ ಚಟ್ನಿಪುಡಿ ಎರಡು ಡಬ್ಬ ಕಳಿಸಲಿ. ಒಂದು ಪಕ್ಕದ ಮನೆ ಅಜ್ಜಿಗೆ, ಇನ್ನೊಂದು ವೀಸಾ ಬಂದರೆ ಡಂಡಾಕ್‌ಗೆ.

ನಿಮ್ಮ ಪ್ರೀತಿಯ ಮಗಳು